ಮನಸ್ಸು ಕದಡಿದ ದಿನ ಲಾಟ್ ದರ ಯಾಕೆ ತಪ್ಪುತ್ತದೆ?

ಪ್ರಶ್ನೆ: ನನಗೆ 48 ವರ್ಷ. ಶಿರಸಿಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ವ್ಯಾಪಾರಿಗಳ ಟೆಂಡರ್ ತೆರೆದ ಮೇಲೆ ಒಬ್ಬರು ಚೀಟಿ ನೋಡಿ ಲಾಟ್ (ಮಾರಾಟಕ್ಕಿಟ್ಟ ಅಡಿಕೆಯ ಒಂದು ಪಾಲು) ನಂಬರ್, ಮಾಲು, ದರ ಕೂಗುತ್ತಾರೆ, ನಾನು ಕಂಪ್ಯೂಟರಿಗೆ ಹಾಕುತ್ತೇನೆ. ಮನೆಯಲ್ಲಿ ಮಾತಿಗೆ ಮಾತು ಬೆಳೆದು ಬಂದ ದಿನ, ಕಿವಿಗೆ ಬಿದ್ದದ್ದು ಕೈಗೆ ಬರುವಷ್ಟರಲ್ಲಿ ಹಾರಿಹೋಗುತ್ತದೆ. 47,899 ಇದ್ದದ್ದು 47,989 ಆಗಿರುತ್ತದೆ. ಮಗಳಿಗೆ ಸೀಟು ಸಿಕ್ಕಿ ಖುಷಿಯಲ್ಲಿದ್ದ ದಿನವೂ ಇಂಥದ್ದೇ ತಪ್ಪಾಯಿತು, ಅದೇ ವಿಚಿತ್ರ. ಉಳಿದ ನೆನಪೆಲ್ಲ ಸರಿಯಾಗಿದೆ. ಅಪ್ಪನಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತು. ಹುಬ್ಬಳ್ಳಿಗೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಬೇಕೇ? ಮೊಬೈಲಿನ ಬ್ರೇನ್ ಗೇಮ್, ಒಂದೆಲಗ ಇವುಗಳಿಂದ ಉಪಯೋಗ ಇದೆಯೇ?
— ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ತಪ್ಪು ಎಂಥದ್ದು ಎಂಬುದರಲ್ಲೇ ಅರ್ಧ ಉತ್ತರ ಇದೆ. 47,899 ಹೋಗಿ 47,989 ಆಗಿದೆ. ಅಂಕೆ ಒಂದೂ ಕಳೆದಿಲ್ಲ, ಅಕ್ಕಪಕ್ಕದ ಎರಡು ಅಂಕೆ ಜಾಗ ಅದಲುಬದಲು ಮಾಡಿಕೊಂಡಿವೆ ಅಷ್ಟೆ. ಕೆಲವೇ ಸೆಕೆಂಡು ಹಿಡಿದಿಟ್ಟುಕೊಳ್ಳುವ ನೆನಪಿನಲ್ಲಿ ಎಲ್ಲರಿಗೂ ಆಗುವ, ಅತಿ ಸಾಮಾನ್ಯವಾದ ತಪ್ಪು ಇದು. ಅಲ್ಜೈಮರ್ಸ್ ಎಂಬ ಮರೆವಿನ ಕಾಯಿಲೆಯ ಆರಂಭದಲ್ಲಿ ಆಗುವುದು ಬೇರೆ. ಬೆಳಿಗ್ಗೆ ಆಡಿದ ಮಾತು ಸಂಜೆಗೆ ಇರುವುದಿಲ್ಲ, ಸುಳಿವು ಕೊಟ್ಟರೂ ಬರುವುದಿಲ್ಲ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಜಗಳವಾದ ದಿನ ಜಾಸ್ತಿ, ನೆಮ್ಮದಿಯ ದಿನ ಕಡಿಮೆ ಎಂಬ ಏರಿಳಿತ ನಿಮ್ಮಲ್ಲಿರುವುದೂ ಸಮಾಧಾನದ ವಿಷಯವೇ. ಹಾಗೆಂದು ಇದನ್ನು ‘ಬರೀ ಟೆನ್ಷನ್ ಮಾರಾಯ್ರೇ’ ಎಂದು ತಳ್ಳಿಹಾಕುವಂತೆಯೂ ಇಲ್ಲ. ಕ್ವಿಂಟಲ್‌ಗೆ 90 ರೂಪಾಯಿ ವ್ಯತ್ಯಾಸ ಬಂದರೆ ಮಾಲು ಹಾಕಿದವರು ಕೇಳದೆ ಬಿಡುತ್ತಾರೆಯೇ?

ನಿಮ್ಮನ್ನು ಕಾಡುತ್ತಿರುವ ಈ ನೆನಪಿಗೆ ವರ್ಕಿಂಗ್ ಮೆಮೊರಿ ಎಂದು ಹೆಸರು. ವರ್ಷಗಟ್ಟಲೆ ಉಳಿಯುವ ನೆನಪು ಅಟ್ಟದ ಮೇಲಿನ ಸರಕಾದರೆ, ಇದು ಸರಕು ಇಳಿಸಿಕೊಳ್ಳುವ ಜಗಲಿ. ಅಟ್ಟಕ್ಕೆ ಏನೂ ಆಗಿಲ್ಲ. ಜಗಲಿ ಮೊದಲೇ ಸಣ್ಣದು, ಮನಸ್ಸು ಕದಡಿದ ದಿನ ಅಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಎಷ್ಟು ಸಣ್ಣದು ಎಂದರೆ, ಒಮ್ಮೆಗೆ ಏಳು ಸಂಗತಿ ಹಿಡಿಯುತ್ತದೆ, ಎರಡು ಹೆಚ್ಚುಕಡಿಮೆ ಎಂದು 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಬರೆದಿದ್ದರು. ಬಾಯೊಳಗೆ ಹೇಳಿಕೊಳ್ಳಲು, ಗುಂಪು ಕಟ್ಟಿಕೊಳ್ಳಲು ಅವಕಾಶ ಕೊಡದೆ ಅಳೆದರೆ ನಿಜವಾದ ಜಾಗ ನಾಲ್ಕರ ಆಸುಪಾಸು ಎಂದು 2001ರಲ್ಲಿ ನೆಲ್ಸನ್ ಕೋವನ್ ತೋರಿಸಿದರು.

ಈ ಜಗಲಿಯಲ್ಲೂ ಭಾಗಗಳಿವೆ. 1974ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಕೊಟ್ಟ ಮಾದರಿ ಇಂದಿಗೂ ಕೆಲಸಕ್ಕೆ ಬರುತ್ತದೆ. ಕೇಳಿದ ಮಾತನ್ನು ಒಳಗೊಳಗೇ ಉಚ್ಚರಿಸುತ್ತ ಹಿಡಿದಿಡುವುದು ಒಂದು ಭಾಗ. ಕಂಡದ್ದನ್ನು, ಯಾವುದು ಎಲ್ಲಿದೆ ಎಂಬುದನ್ನು ಹಿಡಿದಿಡುವುದು ಇನ್ನೊಂದು. ಗಮನವನ್ನು ಯಾವುದಕ್ಕೆ ಕೊಡಬೇಕು, ಯಾವುದನ್ನು ಹೊರಗಿಡಬೇಕು ಎಂದು ನಿಭಾಯಿಸುವುದು ಮೂರನೆಯದು. ಕೂಗಿದ ದರ ಹಿಡಿಯುವ ನಿಮ್ಮ ಕೆಲಸ ಬಹುಪಾಲು ಮೊದಲನೆಯದರ ಪಾಲಿನದು. ಅದರ ಅಳತೆ ಅಂಕೆಗಳ ಲೆಕ್ಕದಲ್ಲಿಲ್ಲ, ಸಮಯದ ಲೆಕ್ಕದಲ್ಲಿದೆ. ಸುಮಾರು ಎರಡು ಸೆಕೆಂಡಿನಲ್ಲಿ ಉಚ್ಚರಿಸಿ ಮುಗಿಸಬಹುದಾದಷ್ಟು ಮಾತು ಮಾತ್ರ ಅಲ್ಲಿ ಸುತ್ತುತ್ತಿರಬಲ್ಲದು.

ಈಗ ನಿಮ್ಮ ದರವನ್ನೇ ಬಾಯಿಬಿಟ್ಟು ಹೇಳಿ ನೋಡಿ. ‘ನಲವತ್ತೇಳು ಸಾವಿರದ ಎಂಟುನೂರ ತೊಂಬತ್ತೊಂಬತ್ತು’ ಎಂದರೆ ಹದಿನೆಂಟು ಅಕ್ಷರ. ಎಷ್ಟೇ ಬೇಗ ಹೇಳಿದರೂ ಎರಡು ಸೆಕೆಂಡಿನ ಅಂಚಿಗೆ ಬಂದೇಬರುತ್ತದೆ. ಅದಕ್ಕೆ ಮುಂಚೆ ‘ಲಾಟ್ ಇನ್ನೂರ ಹದಿನೇಳು, ರಾಶಿ, ಆರು ಚೀಲ’ ಎಂದೂ ಕೂಗಿದ್ದಾರೆ (ರಾಶಿ ಎಂದರೆ ಅಡಿಕೆಯ ಒಂದು ಬಗೆ). ಒಟ್ಟು ಸೇರಿದರೆ ಸುತ್ತು ತುಂಬಿ ಹೊರಚೆಲ್ಲುತ್ತದೆ. ಅದನ್ನೇ ‘ನಲವತ್ತೇಳು, ಎಂಟು, ತೊಂಬತ್ತೊಂಬತ್ತು’ ಎಂದು ಮೂರು ತುಂಡು ಮಾಡಿದರೆ ಹನ್ನೆರಡೇ ಅಕ್ಷರ, ಮೂರೇ ಸಂಗತಿ. ‘ಸಾವಿರದ’, ‘ನೂರ’ ಇವು ಜಾಗ ತಿನ್ನುತ್ತವೆಯೇ ಹೊರತು ಹೊಸದಾಗಿ ಏನನ್ನೂ ಹೇಳುವುದಿಲ್ಲ. ರಾಶಿ ದರ ಐದಂಕಿಯಲ್ಲೇ ಇರುತ್ತದೆಂಬುದು ಮಂಡಿಯಲ್ಲಿ ಯಾರಿಗೆ ಗೊತ್ತಿಲ್ಲ? ಒಂದು ಎಚ್ಚರ ಮಾತ್ರ ಬೇಕು. 47,809 ಎಂದು ಕೂಗುವಾಗ ‘ನಲವತ್ತೇಳು, ಎಂಟು, ಸೊನ್ನೆ ಒಂಬತ್ತು’ ಎಂದು ಸೊನ್ನೆಯನ್ನು ಬಾಯಿಬಿಟ್ಟು ಹೇಳಲೇಬೇಕು, ನುಂಗಿದರೆ ಹೊಸ ತಪ್ಪು ಹುಟ್ಟುತ್ತದೆ.

ಸರಿ, ಮನಃಸ್ಥಿತಿ ಎಲ್ಲಿ ಬಂದು ಸೇರುತ್ತದೆ? ಎರಡು ದಾರಿಯಲ್ಲಿ.

ಮೊದಲನೆಯದು ತುಂಬ ಸರಳ. ಚಿಂತೆಯೂ ಮಾತೇ. ‘ಹಾಗೆ ಅನ್ನಬಾರದಿತ್ತು’, ‘ಸಂಜೆ ಹೋದಾಗ ಏನು ಹೇಳುತ್ತಾಳೋ’ ಎಂದು ಒಳಗೆ ಓಡುವ ಸಂಭಾಷಣೆ ಅದೇ ಎರಡು ಸೆಕೆಂಡಿನ ಸುತ್ತಿನೊಳಗೆ ಓಡುತ್ತದೆ. ಅದನ್ನು ತಡೆಹಿಡಿಯಬೇಕಾದ ಗಮನದ ಭಾಗವೂ ಆ ಹೊತ್ತಿಗೆ ಅದಕ್ಕೇ ಕಾವಲು ನಿಂತಿರುತ್ತದೆ. ಮೈಕೆಲ್ ಐಸೆಂಕ್ ಮತ್ತು ಅವರ ಜೊತೆಗಾರರು ದಶಕಗಳಿಂದ ಹೇಳುತ್ತ ಬಂದಿರುವುದು ಇದನ್ನೇ. ಆತಂಕ ಇದ್ದವರು ಎಷ್ಟೋ ಸಲ ಕೆಲಸವನ್ನು ಸರಿಯಾಗಿಯೇ ಮುಗಿಸುತ್ತಾರೆ, ಆದರೆ ಅದಕ್ಕೆ ಹೆಚ್ಚು ಶ್ರಮ ಸುರಿದಿರುತ್ತಾರೆ. ಆ ದಿನಗಳಲ್ಲಿ ನಿಮಗೆ ತಪ್ಪು ಕೆಲವೇ ಆಗಿದ್ದರೂ ಸಂಜೆ ತಲೆ ಭಾರವಾಗಿ ಸುಸ್ತಾಗುತ್ತಿದ್ದರೆ ಇದು ಕಾರಣವಿರಬಹುದು.

ಎರಡನೆಯದು ರಸಾಯನದ ದಾರಿ. ಹಣೆಯ ಹಿಂದೆ, ಮೆದುಳಿನ ಮುಂಭಾಗದಲ್ಲಿ ಪ್ರಿಫ್ರಂಟಲ್ ಕಾರ್ಟೆಕ್ಸ್ ಇದೆ. ಕಣ್ಣೆದುರು ಇಲ್ಲದ ಸಂಗತಿಯನ್ನು ಕೆಲ ಸೆಕೆಂಡು ಹಿಡಿದಿಡುವಾಗ ಅಲ್ಲಿನ ನರಕೋಶಗಳು ಬಿಡದೆ ಮಿಡಿಯುತ್ತಿರುತ್ತವೆ ಎಂದು 1971ರಲ್ಲೇ ಕೋತಿಗಳ ಮೇಲಿನ ಪ್ರಯೋಗದಲ್ಲಿ ಹೋಕಿನ್ ಫ್ಯುಸ್ಟರ್ ಕಂಡುಕೊಂಡಿದ್ದರು. ಈ ಮಿಡಿತ ನಿಲ್ಲದಿರಲು ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ಎರಡು ರಾಸಾಯನಿಕಗಳು ಹದವಾಗಿ ಬೇಕು. ಕಡಿಮೆಯಾದರೆ ಮಂಪರು, ಬೇಸರ, ಗಮನ ನಿಲ್ಲದು. ಹೆಚ್ಚಾದರೂ ಹಿಡಿತ ಸಡಿಲವಾಗುತ್ತದೆ. ಏಕೆಂದರೆ ನಾರ್‌ಅಡ್ರಿನಲಿನ್ ಮಿತವಾಗಿದ್ದಾಗ ಹಿಡಿತ ಬಿಗಿಮಾಡುವ ಗ್ರಾಹಿಗಳಿಗೆ (ರಾಸಾಯನಿಕ ಬಂದು ಕೂರುವ, ನರಕೋಶದ ಮೇಲಿನ ತಾಣಗಳಿಗೆ) ಅಂಟುತ್ತದೆ, ಉಕ್ಕಿ ಬಂದಾಗ ಹಿಡಿತ ಬಿಚ್ಚುವ ಬೇರೆ ಬಗೆಯ ಗ್ರಾಹಿಗಳಿಗೂ ಅಂಟುತ್ತದೆ. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ಈ ಕೆಲಸವನ್ನು ವಿವರವಾಗಿ ಮಾಡಿದ್ದಾರೆ. ಅಪಾಯದ ಹೊತ್ತಿನಲ್ಲಿ ಯೋಚಿಸುತ್ತ ಕೂರದೆ ಓಡಲಿ ಎಂಬ ಏರ್ಪಾಡು ಇದು. ಹಾವು ಕಂಡಾಗ ಒಳ್ಳೆಯದೇ, ಟೆಂಡರ್ ಹಾಳೆಯ ಮುಂದೆ ಪ್ರಯೋಜನವಿಲ್ಲ.

ಇಲ್ಲಿ ಗಡಿಯಾರವನ್ನೂ ನೋಡಬೇಕು. ಜಗಳದ ನಾರ್‌ಅಡ್ರಿನಲಿನ್ ಸೆಕೆಂಡುಗಳಲ್ಲಿ ಏರುತ್ತದೆ, ಬೇಗ ಇಳಿಯುತ್ತದೆ. ಇನ್ನೊಂದು ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ನಿಧಾನ, ಜಗಳ ಶುರುವಾದ 20–30 ನಿಮಿಷಕ್ಕೆ ತುದಿ ಮುಟ್ಟಿ, ಮತ್ತೆ ತಗ್ಗಲು ಗಂಟೆ, ಒಂದೂವರೆ ಗಂಟೆ ಹಿಡಿಯುತ್ತದೆ. ‘ಬಾಗಿಲು ದಾಟಿ ಬಂದೆ, ಈಗ ಸರಿಯಾಗಿದ್ದೇನೆ’ ಎಂದು ಅನಿಸುವ ಹೊತ್ತಿಗೆ ಅದು ಇನ್ನೂ ಏರುತ್ತಿರಬಹುದು. ಆದರೆ ಬೆಳಿಗ್ಗೆ ಎಂಟಕ್ಕೆ ಮಾತು ಬೆಳೆದು, ಮಧ್ಯಾಹ್ನ ಎರಡಕ್ಕೆ ದರ ತಪ್ಪಿದರೆ ಅದಕ್ಕೆ ಬೆಳಗಿನ ರಸಾಯನ ಕಾರಣವಾಗಿರುವ ಸಂಭವ ಕಡಿಮೆ. ನಡುವೆ ಹತ್ತು ಸಲ ಆ ಜಗಳವನ್ನು ನೀವು ಮನಸ್ಸಿನಲ್ಲಿ ಮತ್ತೆ ಆಡಿದ್ದೀರಿ, ಅದೇ ಕಾರಣ. ಹಾಗಾಗಿ ತಪ್ಪು ಆಗುತ್ತಿರುವುದು ಜಗಳವಾದ ಎಷ್ಟು ಹೊತ್ತಿಗೆ ಎಂದು ಒಂದು ವಾರ ಬರೆದಿಟ್ಟುಕೊಳ್ಳಿ. ಗಂಟೆಯೊಳಗೆ ಆದರೆ ಕಾಯುವುದು ಮದ್ದು. ಮಧ್ಯಾಹ್ನಕ್ಕೂ ಆಗುತ್ತಿದ್ದರೆ ಎಷ್ಟು ಕಾದರೂ ಉಪಯೋಗವಿಲ್ಲ, ಮೆಲುಕು ಹಾಕುವುದನ್ನು ನಿಲ್ಲಿಸಬೇಕು.

ಖುಷಿಯ ದಿನ ಯಾಕೆ ತಪ್ಪಾಯಿತು ಎಂಬ ನಿಮ್ಮ ಪ್ರಶ್ನೆ ಪ್ರಯೋಗಾಲಯದವರನ್ನೂ ಕಾಡಿದ್ದೇ. ಇದಕ್ಕೆ ಬಳಸುವ ಪರೀಕ್ಷೆಗೆ ಎನ್‌–ಬ್ಯಾಕ್ ಎಂದು ಹೆಸರು. ಪರದೆಯ ಮೇಲೆ ಒಂದೊಂದಾಗಿ ಅಕ್ಷರ ಬರುತ್ತದೆ: ಕ, ಮ, ರ, ಮ. ಈಗ ಕಂಡದ್ದು ಎರಡು ಹೆಜ್ಜೆ ಹಿಂದೆ ಬಂದದ್ದೇ ಆದರೆ ಗುಂಡಿ ಒತ್ತಬೇಕು. ಎರಡನೆಯ ‘ಮ’ಗೆ ಒತ್ತಿದಿರಿ, ಸರಿ. ಮೂರು ಹೆಜ್ಜೆ ಹಿಂದಿನದು ಎಂದರೆ ಬೆವರು ಬರುತ್ತದೆ. ಹಿಡಿದಿಡಬೇಕು, ಹಳೆಯದನ್ನು ಬಿಡಬೇಕು, ಹೊಸದನ್ನು ಸೇರಿಸಬೇಕು, ಎಲ್ಲ ಒಟ್ಟಿಗೇ. ಜೆರೆಮಿ ಗ್ರೇ, ಟಾಡ್ ಬ್ರೇವರ್, ಮಾರ್ಕಸ್ ರೈಕಲ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ನಗಿಸುವ, ಹೆದರಿಸುವ, ಎರಡೂ ಅಲ್ಲದ ಕಿರು ವಿಡಿಯೊ ತೋರಿಸಿ, ಆಮೇಲೆ ಎಂಆರ್‌ಐ ಯಂತ್ರದೊಳಗೆ ಈ ಮೂರು ಹೆಜ್ಜೆಯ ಪರೀಕ್ಷೆ ಕೊಟ್ಟರು. ಒಮ್ಮೆ ಪದಗಳು, ಒಮ್ಮೆ ಮುಖಗಳು. ಹಿತವಾದ ಮನಸ್ಥಿತಿಯಲ್ಲಿ ಪದಗಳ ಕೆಲಸ ಸುಧಾರಿಸಿತು, ಮುಖಗಳದ್ದು ಕುಗ್ಗಿತು. ಅಹಿತವಾದ ಮನಸ್ಥಿತಿಯಲ್ಲಿ ಅದು ತಿರುಗಿಬಿತ್ತು. ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಎರಡೂ ಪಾರ್ಶ್ವಗಳ ಚಟುವಟಿಕೆಯಲ್ಲೂ ಅದೇ ಅದಲುಬದಲು ಕಂಡಿತು. ಭಾವನೆ ಬೇರೆ, ಬುದ್ಧಿ ಬೇರೆ ಎಂದು ಎರಡು ಕೋಣೆ ಮಾಡುವ ರೂಢಿಯನ್ನು ಅಲುಗಿಸಿದ ಫಲಿತಾಂಶ ಅದು.

ಹಾಗಾದರೆ ಖುಷಿಯಲ್ಲಿ ದರ ಚೆನ್ನಾಗಿ ಹಿಡಿಯಬೇಕಿತ್ತಲ್ಲ ಎನ್ನುತ್ತೀರಿ. ಆಮೇಲಿನ ಸಂಶೋಧನೆಗಳು ಒಂದೇ ದಾರಿಯಲ್ಲಿ ಹೋಗಿಲ್ಲ. 2011ರ ಒಂದು ಅಧ್ಯಯನ ಖುಷಿಯಿಂದ ಹಿಡಿದಿಡುವ ಸಾಮರ್ಥ್ಯ ಕುಗ್ಗಿತು ಎಂದಿತು, 2013ರ ಇನ್ನೊಂದು ಹಿಗ್ಗಿತು ಎಂದಿತು. ಪರೀಕ್ಷೆ ಬೇರೆ, ಖುಷಿಪಡಿಸಿದ ಬಗೆ ಬೇರೆ. ನನ್ನ ತೀರ್ಮಾನ ಹೀಗೆ: ಸಮಾಧಾನದ, ಹಗುರಾದ ಸಂತೋಷ ಮಾತಿನ ಕೆಲಸಕ್ಕೆ ತೊಂದರೆ ಕೊಡುವುದಿಲ್ಲ, ಸ್ವಲ್ಪ ನೆರವಾಗಲೂಬಹುದು. ಉಕ್ಕುವ ಸಂಭ್ರಮ ಬೇರೆ. ಅಲ್ಲಿ ಗಮನ ಹರಡಿಕೊಳ್ಳುತ್ತದೆ, ಫೋನು ಬರುತ್ತಲೇ ಇರುತ್ತದೆ, ‘ಸೀಟು ಎಲ್ಲಿ, ಹಾಸ್ಟೆಲ್ ಹೇಗೆ’ ಎಂಬ ಸಂತೋಷದ ಲೆಕ್ಕವೂ ಅದೇ ಸುತ್ತಿನೊಳಗೆ ಓಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಖುಷಿಯಲ್ಲಿದ್ದವರು ಮರುಪರಿಶೀಲನೆಯನ್ನು ಕೈಬಿಡುತ್ತಾರೆ. ಬೇಸರದ ದಿನ ತಪ್ಪು ಮಾಡಿಯೇನು ಎಂದು ಎರಡು ಸಲ ನೋಡುವವರು, ಖುಷಿಯ ದಿನ ಒಮ್ಮೆಯೂ ನೋಡುವುದಿಲ್ಲ.

ಬೇಸರ, ಸಿಟ್ಟು, ಆತಂಕ ಎಲ್ಲವನ್ನೂ ‘ಮೂಡ್ ಸರಿಯಿಲ್ಲ’ ಎಂಬ ಒಂದೇ ಮಾತಿನಲ್ಲಿ ಕಟ್ಟಬೇಡಿ. ಹಗುರವಾದ ದುಃಖ ಈ ನೆನಪಿನ ಮೇಲೆ ದೊಡ್ಡ ಪರಿಣಾಮ ಮಾಡುವುದಿಲ್ಲ. ಏನೋ ಕೆಟ್ಟದ್ದು ಬರಲಿದೆ ಎಂಬ ಆತಂಕ ಮಾಡುತ್ತದೆ. ಅದರಲ್ಲೂ ಜಾಗ, ದಿಕ್ಕು ಹಿಡಿದಿಡುವ ಭಾಗವನ್ನು ಹೆಚ್ಚು ಕೆಡಿಸುತ್ತದೆ ಎಂಬುದು ಶಾಕ್ ಕೊಡುತ್ತೇವೆಂದು ಬೆದರಿಸಿ ಮಾಡಿದ ಪ್ರಯೋಗಗಳಲ್ಲಿ ಕಂಡಿದೆ. ಪ್ರಯೋಗಾಲಯದ ಫಲಿತಾಂಶವನ್ನು ರಸ್ತೆಗೆ ಹಾಗೇ ಎತ್ತಿ ತರಲಾಗದು. ಆದರೂ ಮನಸ್ಸು ಕದಡಿಕೊಂಡೇ ಮಳೆಯಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೊರಡುವ ಅಭ್ಯಾಸವಿದ್ದರೆ, ಒಂದು ಗಂಟೆ ತಡಮಾಡಿ ಎನ್ನುತ್ತೇನೆ. ಹಿಂದೆ ಬರುತ್ತಿದ್ದ ಲಾರಿ ಎಷ್ಟು ದೂರ ಇತ್ತು ಎಂಬುದನ್ನು ಹಿಡಿದಿಡುವುದೂ ಇದೇ ಜಗಲಿ.

ಅದೇ ಪ್ರಯೋಗಗಳ ಸರಣಿಯಲ್ಲಿ ನಿಮಗೆ ಬಹಳ ಉಪಯೋಗವಾಗುವ ಒಂದು ಸಂಗತಿ ಸಿಕ್ಕಿದೆ. ಮಾತಿನ ಎನ್‌–ಬ್ಯಾಕ್ ಸುಲಭವಾಗಿದ್ದಾಗ ಆತಂಕ ಅದನ್ನು ಕೆಡಿಸಿತು, ಮೂರು ಹೆಜ್ಜೆಯಷ್ಟು ಕಷ್ಟವಾದಾಗ ಕೆಡಿಸಲಿಲ್ಲ. ಕೆಲಸ ಜಗಲಿಯನ್ನು ಪೂರ್ತಿ ತುಂಬಿದಾಗ ಆತಂಕಕ್ಕೇ ಜಾಗ ಸಿಗಲಿಲ್ಲ. 2007ರಲ್ಲಿ ಲೋಟ್ಟೆ ವಾನ್ ಡಿಲ್ಲೆನ್ ಮತ್ತು ಸ್ಯಾಂಡರ್ ಕೂಲೆ ಇನ್ನೊಂದು ಬದಿಯಿಂದ ಇದನ್ನೇ ತೋರಿಸಿದ್ದರು. ಮನಸ್ಸು ಕೆಡಿಸುವ ಚಿತ್ರ ನೋಡಿದವರಿಗೆ ಲೆಕ್ಕ ಬಿಡಿಸಲು ಕೊಟ್ಟರೆ, ಸುಮ್ಮನೆ ಕೂತವರಿಗಿಂತ ಬೇಸರ ಕಡಿಮೆಯಾಯಿತು. ಮನಸ್ಸು ಸರಿಯಾಗಲಿ, ಆಮೇಲೆ ಕೆಲಸ ಎಂದು ಕಾಫಿ ಹಿಡಿದು ಕಿಟಕಿ ನೋಡುತ್ತ ಕೂತರೆ ಆಗುವುದು ಮೆಲುಕು ಹಾಕುವುದೇ. ಅದರ ಬದಲು ತಪ್ಪಾದರೂ ನಷ್ಟವಿಲ್ಲದ, ಆದರೆ ತಲೆ ಪೂರ್ತಿ ಬೇಡುವ ಒಂದು ಲೆಕ್ಕವನ್ನು ಹತ್ತು-ಹದಿನೈದು ನಿಮಿಷ ಮಾಡಿ. ನಿನ್ನೆಯ ತೂಕದ ಚೀಟಿಗಳನ್ನು ಕ್ಯಾಲ್ಕ್ಯುಲೇಟರ್ ಮುಟ್ಟದೆ ಬಾಯಲ್ಲೇ ಕೂಡಿಸುವುದು ಸಾಕು. ಆಮೇಲೆ ಟೆಂಡರ್ ಹಾಳೆ ಹಿಡಿಯಿರಿ.

ಇನ್ನು ಟೆಂಡರ್ ಹಾಳೆಯ ಕೆಲಸವನ್ನೇ ತುಸು ಬದಲಿಸಿ. ಮನಸ್ಸನ್ನು ತಿದ್ದುವುದಕ್ಕಿಂತ ಇದು ಸುಲಭ, ಖಾತ್ರಿಯೂ ಹೌದು. ಲಾಟ್ ನಂಬರ್ ಮತ್ತು ಮಾಲನ್ನು, ಅಂದರೆ ರಾಶಿಯೋ ಚಾಲಿಯೋ ಬೆಟ್ಟೆಯೋ ಕೆಂಪುಗೋಟೋ ಎಂಬುದನ್ನು, ಮೊದಲೇ ಹಾಳೆಯಲ್ಲೋ ಕಂಪ್ಯೂಟರಿನಲ್ಲೋ ತುಂಬಿಟ್ಟುಕೊಳ್ಳಿ. ಕೂಗುವ ಹೊತ್ತಿಗೆ ನೀವು ಹಿಡಿಯಬೇಕಾದದ್ದು ದರ ಒಂದೇ. ಕೂಗುವವರು ಲಾಟ್ ನಂಬರ್ ಹೇಳಿ ಒಂದು ಉಸಿರು ನಿಲ್ಲಲಿ, ನೀವು ಆ ಸಾಲಿಗೆ ಬೆರಳಿಟ್ಟ ಮೇಲೆ ದರವನ್ನು ಮೂರು ತುಂಡಾಗಿ ಹೇಳಲಿ.

ಹಾಕಿದ ಮೇಲೆ ನೀವು ಓದಿ ಹೇಳಬೇಕು, ಅವರು ಚೀಟಿಯಲ್ಲಿ ನೋಡಬೇಕು. ಬಹಳ ಮಂಡಿಗಳಲ್ಲಿ ಈ ಪದ್ಧತಿ ಹೆಸರಿಗೆ ಇರುತ್ತದೆ, ಆದರೆ ಕೆಟ್ಟಿರುವುದು ಇಲ್ಲಿ: ಕೇಳಿದ್ದನ್ನು ನೆನಪಿನಿಂದಲೇ ಮರುನುಡಿದು, ಆಮೇಲೆ ಟೈಪ್ ಮಾಡುತ್ತಾರೆ. ಬಾಯಿಗೆ ಸರಿಯಾಗಿ ಬಂದದ್ದು ಬೆರಳಿಗೆ ಬರುವಾಗ ತಿರುಗಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮೊದಲು ಟೈಪ್ ಮಾಡಿ, ಪರದೆಯ ಮೇಲೆ ಏನು ಬಿದ್ದಿದೆಯೋ ಅದನ್ನು ಓದಿ. ಓದುವಾಗ ಕೂಗಿದ ಧಾಟಿ ಬೇಡ. ‘ನಾಲ್ಕು, ಏಳು, ಎಂಟು, ಒಂಬತ್ತು, ಒಂಬತ್ತು’ ಎಂದು ಬಿಡಿಬಿಡಿಯಾಗಿ ಓದಿದರೆ, ಕಿವಿಯಲ್ಲಿ ಉಳಿದಿದ್ದ ಹಳೆಯ ಸದ್ದು ಕಣ್ಣನ್ನು ಮೋಸಗೊಳಿಸುವುದಿಲ್ಲ.

ಪ್ರತಿ ಇಪ್ಪತ್ತು ಲಾಟ್‌ಗೆ ಒಮ್ಮೆ ದರಗಳ ಮೊತ್ತ ತಾಳೆ ನೋಡಿ, ನೀವು ಹಾಕಿದ್ದರದ್ದು ಒಂದು, ಚೀಟಿಗಳದ್ದು ಒಂದು. ವ್ಯತ್ಯಾಸ ಒಂಬತ್ತರಿಂದ ಪೂರ್ತಿ ಭಾಗವಾದರೆ ಅಕ್ಕಪಕ್ಕದ ಅಂಕೆ ತಿರುಗಿರಬಹುದು ಎಂಬುದು ಹಳೆಯ ಗುಮಾಸ್ತರ ಸೂತ್ರ. ನಿಮ್ಮ ವ್ಯತ್ಯಾಸ 90. ಒಂಬತ್ತು ಗುಣಿಲೆ ಹತ್ತು, ಅಂದರೆ ನೂರರ ಮತ್ತು ಹತ್ತರ ಸ್ಥಾನದ ಅಂಕೆಗಳು ತಿರುಗಿವೆ, ಆ ಎರಡು ಅಂಕೆಗಳ ನಡುವಿನ ಅಂತರ ಒಂದು. ಇಪ್ಪತ್ತು ಸಾಲಿನಲ್ಲಿ ಅಂಥ ಜೋಡಿ ಹುಡುಕಲು ನಿಮಿಷ ಬೇಡ. ಖುಷಿಯ ದಿನವೂ, ಬೇಸರದ ದಿನವೂ ಈ ತಾಳೆ ಒಂದೇ ರೀತಿ ನಡೆಯಬೇಕು. ‘ಇವತ್ತು ಮನಸ್ಸು ಸರಿಯಿದೆ, ಬೇಡ’ ಎಂದು ಬಿಡುವ ದಿನವೇ ಅದು ಬೇಕಾಗಿರುತ್ತದೆ.

ಸುತ್ತಲಿನ ಸದ್ದಿನಲ್ಲಿ ಒಂದನ್ನು ನಿಲ್ಲಿಸಲೇಬೇಕು, ಅದು ಮಾತು. ಫ್ಯಾನಿನ ಏಕತಾನದ ಗುಂಯ್‌ಗುಟ್ಟುವಿಕೆ, ಹೆಂಚಿನ ಮೇಲಿನ ಮಳೆ ಇವು ಅಷ್ಟೇನೂ ಕೆಡಿಸುವುದಿಲ್ಲ. ಪಕ್ಕದ ಮೇಜಿನ ಹರಟೆ, ಮೊಬೈಲಿನ ರೀಲ್ಸ್, ಟಿವಿ ಸುದ್ದಿ ಕೆಡಿಸುತ್ತವೆ, ನೀವು ಕಿವಿಗೊಡದಿದ್ದರೂ ಕೆಡಿಸುತ್ತವೆ. ಗೊತ್ತಿಲ್ಲದ ಭಾಷೆಯ ಮಾತೂ ಅಂಕೆಗಳ ಕ್ರಮವನ್ನು ಅಳಿಸುತ್ತದೆ ಎಂದು 1976ರಿಂದಲೇ ತಿಳಿದಿದೆ. ಅರ್ಥವಾಗದ ಹಾಡು ಹಾಕಿಕೊಂಡರೆ ತೊಂದರೆಯಿಲ್ಲ ಎಂಬ ಲೆಕ್ಕ ಇಲ್ಲಿ ನಡೆಯದು.

ಚಿಂತೆಯನ್ನು ಬರೆದು ಇಳಿಸುವುದು ಇನ್ನೊಂದು ಉಪಾಯ. 2011ರಲ್ಲಿ ಗೆರಾರ್ಡೊ ರಾಮಿರೆಜ್ ಮತ್ತು ಸಿಯಾನ್ ಬೈಲಾಕ್ ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಭಯವನ್ನು ಬರೆದ ವಿದ್ಯಾರ್ಥಿಗಳು ಉತ್ತಮ ಅಂಕ ಪಡೆದರೆಂದು ತೋರಿಸಿದರು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಎಲ್ಲ ಕಡೆ ಅದೇ ಫಲ ಬರಲಿಲ್ಲ. ಖರ್ಚಿಲ್ಲದ ಕೆಲಸ, ಹತ್ತು ನಿಮಿಷ ಬರೆದು ಹರಿದು ಹಾಕಿ. ಬರೆಯುತ್ತ ಬರೆಯುತ್ತ ಸಿಟ್ಟು ಏರುತ್ತಿದೆ ಎನಿಸಿದರೆ ನಿಮಗೆ ಅದು ಹೊಂದುವುದಿಲ್ಲ, ಬಿಡಿ. ಕಾಫಿಯ ವಿಷಯದಲ್ಲೂ ದಿನ ನೋಡಬೇಕು. ನಿದ್ದೆಗೆಟ್ಟು ಮಂಪರಿದ್ದ ದಿನ ಒಂದು ಲೋಟ ನೆರವಾಗುತ್ತದೆ. ಎದೆ ಡವಡವ ಎನ್ನುವ ದಿನ ಎರಡನೆಯ ಲೋಟ ನಿಮ್ಮನ್ನು ಹದದಿಂದ ಆಚೆ ತಳ್ಳುತ್ತದೆ. ಮಧ್ಯಾಹ್ನ ಕುಡಿದದ್ದರ ಅರ್ಧ ಸುಮಾರು ಐದು ಗಂಟೆಯ ನಂತರವೂ ರಕ್ತದಲ್ಲಿ ಇರುತ್ತದೆ, ರಾತ್ರಿ ನಿದ್ದೆ ತಿನ್ನುತ್ತದೆ. ಕವಳ (ಎಲೆಅಡಿಕೆ) ಹಾಕಿದರೆ ತಲೆ ಚುರುಕಾಗುತ್ತದೆ ಎನ್ನುವವರಿದ್ದಾರೆ. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ಅಂಶ ನರಗಳನ್ನು ಕೆರಳಿಸುವುದು ನಿಜ, ತಂಬಾಕು ಸೇರಿದರೆ ನಿಕೋಟಿನ್ ಕೂಡ. ಅಡಿಕೆಯನ್ನೇ ನಂಬಿದ ಊರಿನಲ್ಲಿ ಹೇಳಲು ಕಷ್ಟದ ಮಾತು, ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಲೆಕ್ಕ ತಪ್ಪದಿರಲೆಂದು ಅದನ್ನು ಜಗಿಯಬೇಡಿ.

ಸ್ಕ್ಯಾನ್ ವಿಷಯ. ಮನಃಸ್ಥಿತಿಯ ಸಂಶೋಧನೆಯಲ್ಲಿ ಬಳಸುವುದು ಫಂಕ್ಷನಲ್ ಎಂಆರ್‌ಐ, ಹುಬ್ಬಳ್ಳಿಯಲ್ಲಿ ನಿಮಗೆ ಮಾಡುವುದು ಮೆದುಳಿನ ರಚನೆಯ ಚಿತ್ರ. ಗಡ್ಡೆ, ರಕ್ತಸ್ರಾವ, ಕುಗ್ಗುವಿಕೆ ಅದರಲ್ಲಿ ಕಾಣುತ್ತದೆ, ಜಗಳ ಕಾಣುವುದಿಲ್ಲ. ಫಂಕ್ಷನಲ್ ಎಂಆರ್‌ಐ ಕೂಡ ಯೋಚನೆಯನ್ನು ಹಿಡಿಯುವುದಿಲ್ಲ. ನರಕೋಶ ದುಡಿದ ಜಾಗಕ್ಕೆ ರಕ್ತದ ಆಮ್ಲಜನಕ ಹರಿಯುವುದನ್ನು ನಾಲ್ಕಾರು ಸೆಕೆಂಡು ತಡವಾಗಿ ಅಳೆಯುತ್ತದೆ. ಬದಲಾವಣೆ ನೂರರಲ್ಲಿ ಒಂದೆರಡು ಪಾಲಿನದು, ಹಲವರ ಸರಾಸರಿ ತೆಗೆದಾಗ ಎದ್ದು ಕಾಣುವಂಥದ್ದು. ಪತ್ರಿಕೆಗಳಲ್ಲಿ ಬರುವ ಕೆಂಪು-ಹಳದಿ ಚಿತ್ರ ನೋಡಿ ಬಣ್ಣ ಹೆಚ್ಚಿದ್ದರೆ ಮೆದುಳು ಚೆನ್ನಾಗಿ ಓಡುತ್ತಿದೆ ಎಂದುಕೊಳ್ಳುವುದು ದೊಡ್ಡ ತಪ್ಪು. 2009ರ ಒಂದು ಪ್ರಯೋಗದಲ್ಲಿ ಹಿಂಸೆಯ ದೃಶ್ಯ ನೋಡಿ ಒತ್ತಡಕ್ಕೊಳಗಾದವರಲ್ಲಿ ಎನ್‌–ಬ್ಯಾಕ್ ಮಾಡುವಾಗ ಪ್ರಿಫ್ರಂಟಲ್ ಚಟುವಟಿಕೆ ತಗ್ಗಿತು. ಖಿನ್ನತೆಯಿರುವವರಲ್ಲಿ ಇದಕ್ಕೆ ತದ್ವಿರುದ್ಧವಾದದ್ದೂ ಕಂಡಿದೆ. ಅಂಕ ಬೇರೆಯವರಷ್ಟೇ ಬರುತ್ತದೆ, ಚಟುವಟಿಕೆ ಮಾತ್ರ ಹೆಚ್ಚು, ಏಕೆಂದರೆ ಅಷ್ಟನ್ನೇ ಮಾಡಲು ಅವರ ಮೆದುಳು ಹೆಚ್ಚು ದುಡಿಯಬೇಕಾಗಿ ಬಂದಿದೆ. ಹಾಗಾಗಿ ಈಗ ನೀವೇ ಹೋಗಿ ಸ್ಕ್ಯಾನ್ ಮಾಡಿಸುವ ಅಗತ್ಯ ನನಗೆ ಕಾಣುವುದಿಲ್ಲ. ವೈದ್ಯರು ಪರೀಕ್ಷಿಸಿ ಬೇಕೆಂದರೆ ಮಾಡಿಸಿ.

ಬ್ರೇನ್ ಗೇಮ್‌ನಿಂದ ಆ ಗೇಮಿನಲ್ಲಿ ಚುರುಕಾಗುತ್ತೀರಿ, ಅದಕ್ಕೆ ಹತ್ತಿರದ ಆಟಗಳಲ್ಲೂ ಸ್ವಲ್ಪ. ಮಂಡಿಯ ಕೆಲಸಕ್ಕೆ ಅದು ಹರಿದು ಬರುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ. ಹೀಗೆ ಉತ್ಪ್ರೇಕ್ಷಿಸಿ ಜಾಹೀರಾತು ಮಾಡಿದ್ದಕ್ಕೆ ಲುಮೋಸಿಟಿ ಆ್ಯಪ್‌ನ ಕಂಪನಿ 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ತೆರಬೇಕಾಯಿತು. ಒಂದೆಲಗದ ವಿಷಯದಲ್ಲಿ ಒಂದು ಗೊಂದಲವಿದೆ. ನೆನಪಿನ ಶಕ್ತಿಗೆಂದು ಹೆಚ್ಚು ಪರೀಕ್ಷೆಗೆ ಒಳಗಾದದ್ದು ನೀರುಬ್ರಾಹ್ಮಿ. ನಮ್ಮ ಅಂಗಳದ ಒಂದೆಲಗ ಬೇರೆಯೇ ಗಿಡ, ಎರಡನ್ನೂ ಬ್ರಾಹ್ಮಿ ಎನ್ನುತ್ತಾರೆ. ನೀರುಬ್ರಾಹ್ಮಿಯ ಸಾರವನ್ನು ದಿನಕ್ಕೆ 300 ಮಿಲಿಗ್ರಾಮಿನಂತೆ ಹನ್ನೆರಡು ವಾರ ಕೊಟ್ಟ ಪ್ರಯೋಗಗಳಲ್ಲಿ ಕಲಿತದ್ದನ್ನು ಉಳಿಸಿಕೊಳ್ಳುವುದು ತುಸು ಸುಧಾರಿಸಿದ್ದುಂಟು, ಅದು ಅಟ್ಟದ ಕೆಲಸ. ನಿಮ್ಮ ತೊಂದರೆ ಜಗಲಿಯದು. ಒಂದೆಲಗದ ತಂಬುಳಿ ಊಟಕ್ಕೆ ಚೆಂದ, ಉಣ್ಣಿ.

ಕೊನೆಗೆ ವೈದ್ಯರ ಬಳಿ ಯಾವಾಗ ಹೋಗಬೇಕು ಎಂಬುದು. ಬೇಸರ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ಬಿಡದೆ ದಿನದ ಬಹುಪಾಲು ಇದ್ದರೆ, ಜೊತೆಗೆ ನಿದ್ದೆ, ಹಸಿವು ಕೆಟ್ಟಿದ್ದರೆ, ಅದು ಮೂಡ್ ಅಲ್ಲ, ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ಚಿಕಿತ್ಸೆಯಾದರೆ ಗಮನವೂ ಬಹಳ ಮಟ್ಟಿಗೆ ಮರಳುತ್ತದೆ. 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ದಿನದ ಯಾವ ಹೊತ್ತಿನಲ್ಲೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ನಿಮಗೆ ಹತ್ತಿರದವು. ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ದಿನ ಯಾವುದೆಂದು ಶಿರಸಿಯಲ್ಲೇ ವಿಚಾರಿಸಿ. ಗೊತ್ತಿರುವ ದಾರಿ ತಪ್ಪುವುದು, ಚಿಲ್ಲರೆ ಲೆಕ್ಕ ತಿಳಿಯದಿರುವುದು, ಹೇಳಿದ್ದನ್ನೇ ಹೇಳುವುದು ಮನೆಯವರ ಗಮನಕ್ಕೆ ಬಂದರೆ ತಡಮಾಡಬೇಡಿ. ಮಾತು ತೊದಲುವುದು, ಒಂದು ಕೈ ಸೋಲುವುದು ದಿಢೀರನೆ ಆದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು.

ಇವೇನೂ ಇಲ್ಲದಿದ್ದರೂ 48ರ ವಯಸ್ಸಿನಲ್ಲಿ ಒಮ್ಮೆ ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ವಿಟಮಿನ್ ಬಿ12 ನೋಡಿಸುವುದು ಒಳ್ಳೆಯದು. ಸ್ಕ್ಯಾನ್‌ಗಿಂತ ಇವುಗಳ ಖರ್ಚು ಕಡಿಮೆ, ಸರಿಪಡಿಸಬಹುದಾದ ಕಾರಣ ಸಿಗುವ ಸಂಭವ ಹೆಚ್ಚು. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಕೊರತೆ ಸಾಮಾನ್ಯ, ಮನಸ್ಸು ಮಂಕಾಗುವುದಕ್ಕೂ ಮರೆವಿಗೂ ಅದೊಂದೇ ಕಾರಣವಾಗಬಲ್ಲದು. ಹೋಗುವಾಗ ಮನೆಯಲ್ಲಿ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲಿ ಚೀಟಿಯಿಲ್ಲದೆ ತಂದ ನೆಗಡಿ ಮಾತ್ರೆ, ನಿದ್ದೆ ಮಾತ್ರೆಗಳನ್ನೂ ಸೇರಿಸಿ. ಮಂಪರು ತರುವ ನೆಗಡಿ ಮಾತ್ರೆ, ಆತಂಕಕ್ಕೆ ಕೊಡುವ ಆಲ್‌ಪ್ರಜೋಲಾಂನಂಥ ಮಾತ್ರೆಗಳು ವರ್ಕಿಂಗ್ ಮೆಮೊರಿಯನ್ನು ನೇರವಾಗಿ ಕುಗ್ಗಿಸುತ್ತವೆ. ಆಲ್‌ಪ್ರಜೋಲಾಂ ಕೆಲ ವಾರಗಳಿಂದ ನಡೆಯುತ್ತಿದ್ದರೆ ಇದನ್ನು ಓದಿ ನೀವಾಗಿಯೇ ನಿಲ್ಲಿಸಬೇಡಿ. ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ, ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ.